ಮೂವತ್ತೆರಡು ಸಹಿಗಳ ಮಹಾಕೃತಿ

"ಪ್ರಭು, ನನ್ನ ವಿದ್ಯಾಪೀಠದಲ್ಲಿ ನಾನೂ ಸೇರಿ ಮೂವತ್ತಮೂರು ಅಧ್ಯಾಪಕರಿದ್ದಾರೆ. ಆದರೆ ಅಭಿಪ್ರಾಯ ಮಾತ್ರ ಒಂದೇ!"

ಹೊಸಗಿರಿಯ ದೊರೆ ಬಿಜ್ಜರಸನ ಸಭೆಯಲ್ಲಿ ಹೀಗೆ ಎದೆಯುಬ್ಬಿಸಿ ಹೇಳಿದವರು ಕುಲಪತಿ ವಾಗೀಶ ಪಂಡಿತರು. ಹನ್ನೆರಡು ವರ್ಷದಿಂದ ಪೀಠ ಅವರ ಕೈಯಲ್ಲಿತ್ತು. ಈಗ ಅವರಿಗೆ 'ಧರ್ಮಗುರು' ಎಂಬ ಬಿರುದು ಬೇಕಿತ್ತು. ಜೊತೆಗೆ, ತಮ್ಮ ನಂತರ ಅಳಿಯನೇ ಕುಲಪತಿಯಾಗಬೇಕೆಂಬ ರಾಜಾಜ್ಞೆಯೂ ಬೇಕಿತ್ತು.

ದೊರೆಗೆ ಪಂಡಿತರ ಮಾತು ಹಿಡಿಸಿತು. ಪಕ್ಕದಲ್ಲಿದ್ದ ಸೋವಯ್ಯನ ಕಡೆ ತಿರುಗಿದ. ಸೋವಯ್ಯ ದೊರೆಯ ಓಲೆಕಾರ, ಅರಮನೆಯಲ್ಲಿ ದೊರೆಯನ್ನೇ ಚುಡಾಯಿಸುವ ಧೈರ್ಯವಿದ್ದ ಒಬ್ಬನೇ ಮನುಷ್ಯ.

"ಏನಯ್ಯಾ, ಸುಮ್ಮನೆ ಕೂತಿದ್ದೀಯಲ್ಲ?"

"ಮೂವತ್ತಮೂರು ತಲೆ, ಒಂದೇ ಅಭಿಪ್ರಾಯ. ಉಳಿದ ಮೂವತ್ತೆರಡು ತಲೆಗಳಿಗೆ ಏನು ಕೆಲಸ ಅಂತ ಯೋಚಿಸುತ್ತಿದ್ದೆ, ಪ್ರಭು. ಮೂರು ದಿನ ಕೊಡಿ. ಜೊತೆಗೆ ಒಂದು ಸುಳ್ಳು ಹೇಳಲು ಅಪ್ಪಣೆ ಕೊಡಿ."

"ಯಾರ ವಿಷಯದಲ್ಲಿ ಸುಳ್ಳು?"

"ತಮ್ಮ ವಿಷಯದಲ್ಲೇ."

ದೊರೆಗೆ ಕುತೂಹಲ ಹುಟ್ಟಿತು. ಆಗಲಿ ಎಂದ.

ಸೋವಯ್ಯ ನೇರವಾಗಿ ಅರಮನೆಯ ಅಡುಗೆಮನೆಗೆ ಹೋದ. ಅಡುಗೆಯವಳು ಹೇಳಿದ್ದನ್ನೆಲ್ಲ ಆರು ತಾಳೆಗರಿಗಳ ಮೇಲೆ ಬರೆದುಕೊಂಡು, ದಾರ ಸುತ್ತಿ, ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ. ಮಾರನೆಯ ದಿನ ಅದನ್ನು ಪಂಡಿತರ ಕೈಗಿಟ್ಟು ಪಿಸುಗುಟ್ಟಿದ:

"ದೊರೆಗಳು ರಾಜನೀತಿಯ ಮೇಲೊಂದು ಗ್ರಂಥ ಬರೆದಿದ್ದಾರೆ. ಹೇಳಿಕೊಳ್ಳಲು ನಾಚಿಕೆ. ನೀವೆಲ್ಲ ಓದಿ, ನಿಜವಾದ ಅಭಿಪ್ರಾಯ ತಿಳಿಸಬೇಕಂತೆ."

"ಪ್ರಭುಗಳು ಬರೆದದ್ದನ್ನು ಓದಿ ಪರೀಕ್ಷಿಸುವುದೇ? ಅದಕ್ಕಿಂತ ಉದ್ಧಟತನ ಉಂಟೇ!" ಎಂದರು ಪಂಡಿತರು.

ಕಟ್ಟು ಬಿಚ್ಚಲೇ ಇಲ್ಲ. 'ಇಂಥ ಗ್ರಂಥ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ' ಎಂದು ಅಲ್ಲೇ ಬರೆದು ಸಹಿ ಹಾಕಿದರು. ಕಟ್ಟೂ ಅಭಿಪ್ರಾಯವೂ ಅಧ್ಯಾಪಕರಿಂದ ಅಧ್ಯಾಪಕರಿಗೆ ಹೋದವು. ಪ್ರತಿಯೊಬ್ಬರೂ ಮೇಲಿನ ಸಹಿ ನೋಡಿ, ಕೆಳಗೆ ತಮ್ಮದನ್ನು ಹಾಕಿದರು. ಮೂವತ್ತೆರಡು ಸಹಿಯಾಯಿತು.

ಕೊನೆಗೆ ಬಂದದ್ದು ಗಣಿತ ಕಲಿಸುವ ನಾಗಲದೇವಿಯ ಬಳಿಗೆ. ಆಕೆ ದಾರ ಬಿಚ್ಚಿದಳು, ಓದಿದಳು, ಮತ್ತೊಮ್ಮೆ ಓದಿದಳು. ಪಂಡಿತರ ಹತ್ತಿರ ಹೋದಳು.

"ಸ್ವಾಮಿ, ಇದು ಹಾಗಲಕಾಯಿ ಗೊಜ್ಜು ಮಾಡುವ ವಿಧಾನ."

"ನಾಲಿಗೆ ಬಿಗಿಹಿಡಿ ತಾಯಿ! ಅದು ಪ್ರಭುಗಳ ಕೃತಿ."

"ಇರಬಹುದು. ಪ್ರಭುಗಳು ಬರೆದರೂ ಗೊಜ್ಜು ಗೊಜ್ಜೇ ಅಲ್ಲವೇ?"

"ಮೂವತ್ತೆರಡು ಜನ ಒಪ್ಪಿದ್ದಾರೆ. ನೀನೊಬ್ಬಳು ದೊಡ್ಡವಳೋ?"

ಗರಿಗಳತ್ತ ಕಣ್ಣು ಕೂಡ ಹಾಯಿಸದೆ ಪಂಡಿತರು ಮತ್ತೆ ಕಟ್ಟು ಕಟ್ಟಿದರು. ನಾಗಲದೇವಿ ಸಹಿ ಹಾಕಲಿಲ್ಲ. ಅಂದು ಮಧ್ಯಾಹ್ನವೇ ಆಕೆಯನ್ನು ಪೀಠದಿಂದ ಹೊರಹಾಕಿದರು. ಇಪ್ಪತ್ತು ವರ್ಷ ಕಲಿಸಿದ ಕೋಣೆಯಿಂದ ಆಕೆ ತನ್ನ ಪುಸ್ತಕ ಎತ್ತಿಕೊಂಡು ಹೊರನಡೆದಳು. ಅವಳತ್ತ ನೋಡಲು ಒಬ್ಬ ಅಧ್ಯಾಪಕನೂ ತಲೆಯೆತ್ತಲಿಲ್ಲ.

ಮೂರನೆಯ ದಿನ ಪೀಠಕ್ಕೆ ಪೀಠವೇ ಸಭೆಯಲ್ಲಿ ನೆರೆಯಿತು.

"ಪ್ರಭು, ಎಂಥ ಗ್ರಂಥ! ಎರಡೆರಡು ಸಲ ಓದಿದೆವು. ರಾಜ್ಯಭಾರದ ಸಾರವೆಲ್ಲ ಅದರಲ್ಲಿದೆ," ಎಂದರು ಪಂಡಿತರು.

"ಹಾಗಾದರೆ ಸಭೆಗೂ ಓದಿ ಹೇಳಿ," ಎಂದ ದೊರೆ.

ಪಂಡಿತರು ಕಟ್ಟು ಬಿಚ್ಚಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಎಳೆಯ ಹಾಗಲಕಾಯಿಗಳನ್ನು ತೊಳೆದು... ಬೀಜ ತೆಗೆದು..." ದನಿ ಕುಗ್ಗುತ್ತ ಬಂತು.

"ನಿಲ್ಲಿಸಬೇಡಿ ಸ್ವಾಮಿ, ರಾಜನೀತಿ ಈಗಷ್ಟೇ ಬಾಣಲೆಗೆ ಬಿತ್ತು!" ಎಂದ ಸೋವಯ್ಯ.

ಪಂಡಿತರು ಬೆವರು ಒರೆಸಿಕೊಂಡರು. "ಪ್ರಭು, ಇದು ಗೂಢಾರ್ಥ! ಹಾಗಲಕಾಯಿ ಎಂದರೆ ಕಹಿಯಾದ ಶತ್ರು. ಬೆಲ್ಲ ಎಂದರೆ ಸಂಧಾನ."

"ಒಗ್ಗರಣೆ?" ಕೇಳಿದ ಸೋವಯ್ಯ.

"ಅದು... ಯುದ್ಧ."

"ಮತ್ತೆ ಕರಿಬೇವು?"

ಪಂಡಿತರು ಗರಿಗಳನ್ನು ತಿರುವಿಹಾಕತೊಡಗಿದರು. ಸಭೆ ಗೊಳ್ಳೆಂದಿತು. ದೊರೆ ಮಾತ್ರ ನಗಲಿಲ್ಲ. ಅಧ್ಯಾಪಕರನ್ನು ಕೇಳಿದ: "ನೀವೇಕೆ ಸಹಿ ಹಾಕಿದಿರಿ?"

"ಕುಲಪತಿಗಳು ಹಾಕಿದ್ದರು, ಪ್ರಭು."

"ಕುಲಪತಿಗಳೇ, ನೀವು?"

"ತಮ್ಮ ಕೃತಿ ಎಂದರು, ಪ್ರಭು."

"ನಾನು ಒಂದಕ್ಷರವನ್ನೂ ಬರೆದಿಲ್ಲ. ಹಾಗಾದರೆ ಇದನ್ನು ಓದಿದವರು ಯಾರೂ ಇಲ್ಲವೇ?"

"ಒಬ್ಬರಿದ್ದರು, ಪ್ರಭು. ಓದಿದ ತಪ್ಪಿಗೆ ಆಗಲೇ ಹೊರಗೆ ಹಾಕಿದ್ದಾರೆ," ಎಂದ ಸೋವಯ್ಯ.

ನಾಗಲದೇವಿಯನ್ನು ಕರೆಸಿದರು. ದೊರೆ ಕೇಳಿದ: "ನನ್ನ ಕೃತಿ ಎಂದರೂ ಗೊಜ್ಜು ಅಂದೆಯಂತೆ. ಭಯವಾಗಲಿಲ್ಲವೇ, ತಾಯಿ?"

"ಆಯಿತು, ಪ್ರಭು. ಆದರೆ ಬೆಳಗಾದರೆ ಮಕ್ಕಳ ಮುಂದೆ ನಿಂತು 'ನಿನ್ನ ಉತ್ತರ ತಪ್ಪು' ಅನ್ನಬೇಕಲ್ಲ. ಯಾವ ಮುಖ ಇಟ್ಟುಕೊಂಡು ಅನ್ನಲಿ?"

ದೊರೆ ಎದ್ದು ನಿಂತು ಆಕೆಗೆ ಕೈಮುಗಿದ. "ಇಂದಿನಿಂದ ನೀವೇ ಕುಲಪತಿ," ಎಂದ. ವಾಗೀಶ ಪಂಡಿತರ ಮೈಮೇಲಿನ ಶಾಲು ಅಲ್ಲೇ ಇಳಿಯಿತು. ಅಳಿಯ ಆಗಲೇ ಬಾಗಿಲು ದಾಟಿದ್ದ.

ಪಂಡಿತರು ಗೋಳಾಡಿದರು: "ಪ್ರಭು, ಸಹಿ ಹಾಕಿದವರು ಮೂವತ್ತೆರಡು ಮಂದಿ. ಶಿಕ್ಷೆ ನನಗೊಬ್ಬನಿಗೇ?"

"ಅದೂ ಸರಿಯೇ. ಸೋವಯ್ಯಾ, ಉಳಿದವರನ್ನೂ ಓಡಿಸಿಬಿಡೋಣವೇ?"

"ಬೇಡ ಪ್ರಭು. ಇವರು ಕುಲಪತಿ ಏನು ಮಾಡಿದರೆ ಅದನ್ನೇ ಮಾಡುವವರು. ಹೊಸ ಕುಲಪತಿಗೆ ಓದುವ ಚಟವಿದೆ. ಪಾಪ, ಇನ್ನು ಇವರೂ ಓದಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ!"

ದೊರೆ ಹೊಟ್ಟೆ ಹಿಡಿದು ನಕ್ಕು, ಕೈಯ ಕಡಗ ಬಿಚ್ಚಿ ಸೋವಯ್ಯನಿಗೆ ತೊಡಿಸಿದ.