ತಿರುವಿ ನೋಡದ ಸೆರಗು

“ಸರ, ಸಾವಿರದ ಇನ್ನೂರು ಮಾದರಿ ಪ್ರಶ್ನೆ ಮಾಡೀನಿ. ಆದರೂ ಎರಡು ಸಲ ಫೇಲಾದೆ. ಇನ್ನ ಎಷ್ಟು ಮಾಡಬೇಕ್ರಿ?”

ಕೇಳಿದವಳು ದಾಕ್ಷಾಯಣಿ. ಧಾರವಾಡದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಲ್ಯಾಬ್ ಸಹಾಯಕಿ. ಪ್ರೋಗ್ರಾಮಿಂಗಿನ ಮಧ್ಯಮ ಹಂತದ ಪ್ರಮಾಣಪತ್ರ ಸಿಕ್ಕರೆ ಅಲ್ಲಿಯೇ ಪಾಠ ಹೇಳುವ ಶಿಕ್ಷಕಿಯಾಗುತ್ತಾಳೆ. ಮೂರು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ ಎಂದು ಕೇಂದ್ರದವರು ಮೊದಲೇ ಹೇಳಿದ್ದರು. ಮೂರನೆಯ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಕರಿಹಲಗೆಯ ಮುಂದೆ ನಿಲ್ಲಬೇಕೆಂಬುದು ಆಕೆಗೆ ಚಿಕ್ಕಂದಿನಿಂದ ಇದ್ದ ಆಸೆ.

ಉತ್ತರ ಕೊಡಬೇಕಾದವರು ಆಕೆಗೆ ಕಲಿಸುತ್ತಿದ್ದ ರಾಚಯ್ಯ ಮಾಸ್ತರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟು ಅವರಿಗೆ ಅಭ್ಯಾಸವಿಲ್ಲ. ತಪ್ಪಿದ ಪ್ರಶ್ನೆಯನ್ನು ತೋರಿಸು ಎಂದರು.

ದಾಕ್ಷಾಯಣಿ ಅದನ್ನು ಹಾಳೆಯಲ್ಲಿ ಬರೆದು ತೋರಿಸಿದಳು. ತನ್ನನ್ನು ತಾನೇ ಮತ್ತೆ ಕರೆದುಕೊಳ್ಳುವ ಒಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು. ಮೂರರಿಂದ ಹೊರಡುತ್ತದೆ, ಪ್ರತಿ ಸಲವೂ ಒಂದು ಕಡಿಮೆ ಮಾಡಿಕೊಂಡು ತನ್ನನ್ನೇ ಕರೆಯುತ್ತದೆ, ಸೊನ್ನೆ ಮುಟ್ಟಿದಾಗ ಹಿಂದಿರುಗುತ್ತದೆ. ಆಕೆ ಅಭ್ಯಾಸ ಮಾಡಿದ್ದರಲ್ಲಿ ಅಂಕಿಯನ್ನು ಮುದ್ರಿಸುವ ಸಾಲು ಮೇಲಿತ್ತು, ಕರೆಯುವ ಸಾಲು ಕೆಳಗಿತ್ತು. ಉತ್ತರ ಮೂರು, ಎರಡು, ಒಂದು. ಪರೀಕ್ಷೆಯಲ್ಲಿ ಆ ಎರಡು ಸಾಲುಗಳನ್ನು ಅದಲುಬದಲು ಮಾಡಿದ್ದರು. ಆಕೆ ಹಳೆಯ ಉತ್ತರವನ್ನೇ ಕೊಟ್ಟು ಬಂದಿದ್ದಳು.

ಅಭ್ಯಾಸ ಮಾಡುವಾಗ ಆಕೆ ಒಂದಷ್ಟು ಬರೆದು, ಪ್ರೋಗ್ರಾಮನ್ನು ಓಡಿಸಿ ಉತ್ತರ ತೋರಿಸುವ ರನ್ ಗುಂಡಿ ಒತ್ತುತ್ತಿದ್ದಳು. ತಪ್ಪು ಬಂದರೆ ಇಲ್ಲೊಂದು ಅಲ್ಲೊಂದು ಬದಲಿಸಿ ಮತ್ತೆ ಒತ್ತುತ್ತಿದ್ದಳು. ಉತ್ತರ ಹೊಂದಿದ ಕೂಡಲೇ ಮುಂದಿನ ಪ್ರಶ್ನೆ. ಪರೀಕ್ಷೆಯ ಪರದೆಯ ಮೇಲೆ ರನ್ ಗುಂಡಿ ಇರುವುದಿಲ್ಲ. ಇದು ಮಾಸ್ತರಿಗೂ ಗೊತ್ತು, ಆಕೆಗೂ ಗೊತ್ತು. ಆದರೂ ಬೆರಳಿನ ಚಟ ಬಿಟ್ಟಿರಲಿಲ್ಲ.

ಮಾಸ್ತರು ಕತೆ ಹೇಳಿದರು.

ಒಂದು ಊರಿನಲ್ಲಿ ಕಸೂತಿ ಹಾಕುವ ಒಬ್ಬ ಮುದುಕಿ ಇದ್ದಳು. ಅವಳ ಹೊಲಿಗೆಗೆ ಗಂಟಿರಲಿಲ್ಲ. ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಖಾಲಿ ಬಿಡುತ್ತದೆ. ಬಿಟ್ಟ ಜಾಗಗಳನ್ನೆಲ್ಲ ಹಿಂದಿರುಗುವಾಗ ತುಂಬುತ್ತದೆ. ಹೊರಟಲ್ಲಿಗೇ ಬಂದು ಮುಟ್ಟಿದಾಗ ಬಟ್ಟೆಯ ಎರಡು ಮಗ್ಗುಲೂ ಒಂದೇ ಥರ ಇರುತ್ತವೆ.

ಒಬ್ಬ ಹುಡುಗಿ ಅವಳ ಬಳಿ ಕಲಿಯಲು ಬಂದಳು. ಮೂರು ವರ್ಷ ಗೋಪುರ ಹಾಕಿದಳು, ಆನೆ ಹಾಕಿದಳು, ತುಳಸಿಕಟ್ಟೆ ಹಾಕಿದಳು. ಅವಳಿಗೆ ಒಂದು ಚಟವಿತ್ತು. ನಾಲ್ಕು ಹೊಲಿಗೆ ಹಾಕಿ ಬಟ್ಟೆಯನ್ನು ತಿರುವಿ ನೋಡುವುದು. ಎಲ್ಲಾದರೂ ಒಂದು ಜಾಗ ತಪ್ಪಿದ್ದರೆ ಬೇರೆ ದಾರ ಪೋಣಿಸಿ ತೇಪೆ ಹಾಕುವುದು. ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಕೊನೆಗೆ ಅವಳಿಗೂ ಗೊತ್ತಾಗುತ್ತಿರಲಿಲ್ಲ.

ಆ ಊರಿನಲ್ಲಿ ಮದುವಣಗಿತ್ತಿಯ ಸೀರೆಯ ಸೆರಗಿಗೆ ಒಂದು ಕಟ್ಟಳೆ ಇತ್ತು. ಒಂದು ಗೋಪುರಕ್ಕೆ ಒಂದೇ ದಾರ. ಕೆಲಸ ಮುಗಿಯುವ ತನಕ ಬಟ್ಟೆಯನ್ನು ತಿರುವಬಾರದು. ಆ ಸೆರಗು ಹಾಕಿದವಳನ್ನು ಮಾತ್ರ ಊರು ಕಸೂತಿಯವಳು ಎಂದು ಕರೆಯುತ್ತಿತ್ತು. ಹುಡುಗಿ ಎರಡು ಸಲ ಕೂತಳು. ಎರಡು ಸಲವೂ ಗೋಪುರದ ತುದಿಗೆ ಹೋದ ಸೂಜಿಗೆ ಹಿಂದಿರುಗುವ ದಾರಿ ಸಿಗಲಿಲ್ಲ.

ಅವಳು ಮುದುಕಿಯ ಮುಂದೆ ಅತ್ತಳು. “ಆಯಿ, ನಾ ಕಲಿಯದ ನಮೂನಿ ಯಾವುದೈತಿ? ಅದನ್ನಷ್ಟು ತೋರಸ್ರಿ.”

ಮುದುಕಿ ತಾನೇ ಹನ್ನೊಂದು ದಿನ ಕೂತು ಹಾಕಿದ್ದ ಗೋಪುರವನ್ನು ಪೆಟ್ಟಿಗೆಯಿಂದ ತೆಗೆದಳು. ದಾರದ ತುದಿಯನ್ನು ಸೂಜಿಯ ಮೊನೆಯಿಂದ ಎತ್ತಿದಳು. ಬಿಚ್ಚತೊಡಗಿದಳು.

ಹುಡುಗಿ ಬೇಡವೆಂದು ಅವಳ ಕೈ ಹಿಡಿದಳು. ಮುದುಕಿ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಿಚ್ಚುತ್ತಲೇ ಇದ್ದಳು.

ಕೊನೆಗೆ ಹಾಕಿದ ಹೊಲಿಗೆ ಮೊದಲು ಬಂತು. ಅದರ ಹಿಂದಿನದು ಆಮೇಲೆ ಬಂತು. ಬರುವಾಗ ತುಂಬಿದ್ದೆಲ್ಲ ಬಿಚ್ಚಿಕೊಂಡಿತು. ತುಂಬಿದ್ದ ಗೋಪುರ ಒಂದು ಬಿಟ್ಟು ಒಂದು ಹೊಲಿಗೆಯ ಗೋಪುರವಾಯಿತು. ತುದಿ ಮುಟ್ಟಿದ ಮೇಲೆ ಹೋಗುವಾಗ ಹಾಕಿದ್ದೂ ಬಿಚ್ಚತೊಡಗಿತು. ಎಲ್ಲಿಯೂ ದಾರ ಸಿಕ್ಕಿಕೊಳ್ಳಲಿಲ್ಲ. ಎಲ್ಲಿಯೂ ಗಂಟು ಬರಲಿಲ್ಲ. ಹುಡುಗಿ ಅಳುವುದನ್ನು ಮರೆತಳು. ಮೂರು ವರ್ಷ ಅವಳು ಗೋಪುರವನ್ನು ನೋಡಿದ್ದಳು. ಅದರೊಳಗೆ ಒಂದು ದಾರಿ ಇದೆ ಎಂದು ಅವಳಿಗೆ ತಿಳಿದದ್ದು ಆ ಹೊತ್ತಿಗೆ. ಇಷ್ಟು ಕವಲುಗಳನ್ನು, ಇಷ್ಟು ಹೋಗಿ ಬರುವುದನ್ನು, ಮೊದಲನೆಯ ಹೊಲಿಗೆ ಹಾಕುವಾಗಲೇ ಈ ಮುದುಕಿ ಕಂಡಿದ್ದಳಲ್ಲ ಎಂದು ಅವಳಿಗೆ ಭಯವೂ ಆಯಿತು, ಕೈ ಮುಗಿಯಬೇಕೆಂದೂ ಅನ್ನಿಸಿತು.

ಕೊನೆಗೆ ಬಟ್ಟೆಯ ಮೇಲೆ ಏನೂ ಉಳಿಯಲಿಲ್ಲ. ಮುದುಕಿಯ ಮಡಿಲಲ್ಲಿ ಒಂದು ಉದ್ದನೆಯ ದಾರವಿತ್ತು.

ಅವಳು ಖಾಲಿ ಬಟ್ಟೆಯನ್ನು ಹುಡುಗಿಯ ಕೈಗಿಟ್ಟಳು. “ಸೂಜಿ ಮುಟ್ಟಬ್ಯಾಡ, ಮಗಳ. ಎಲ್ಲಿಂದ ಹೊಂಟಿ, ಎಲ್ಲಿ ಒಳಗ ಹೋದಿ, ಎಲ್ಲಿಂದ ಹಿಂದ ಬಂದಿ, ಬಾಯಿಲೆ ಹೇಳು.”

ಹುಡುಗಿ ಬಟ್ಟೆಯ ಎಳೆಗಳ ಮೇಲೆ ಬೆರಳಿಟ್ಟು ಎಣಿಸಿದಳು. ಮೊದಲ ದಿನ ನಾಲ್ಕನೆಯ ಹೊಲಿಗೆಗೇ ದಾರಿ ತಪ್ಪಿದಳು. ಐದನೆಯ ದಿನ ತುದಿಯ ತನಕ ಹೋದಳು, ಹಿಂದಿರುಗಲು ಆಗಲಿಲ್ಲ. ಒಂಬತ್ತನೆಯ ದಿನ ಹೊರಟಲ್ಲಿಗೆ ಬಂದು ಮುಟ್ಟಿದಳು. ಆಗ ಮುದುಕಿ ಸೂಜಿ ಕೊಟ್ಟು ಮದುವೆಯ ಸೀರೆಯನ್ನು ಮುಂದಿಟ್ಟಳು.

ಸೆರಗು ಮುಗಿದ ದಿನ ಹುಡುಗಿ ಅದನ್ನು ತಿರುವಿ ನೋಡದೆ ಹಾಗೆಯೇ ಮುದುಕಿಯ ಕೈಗೆ ಕೊಟ್ಟಳು. ಮುದುಕಿ ಅವಳ ಮುಖವನ್ನು ಒಮ್ಮೆ ನೋಡಿದಳು. ಸೀರೆಯನ್ನು ತಿರುವಲಿಲ್ಲ. ಮಡಚಿ ಮದುವೆ ಮನೆಗೆ ಕಳಿಸಿದಳು.

ಕತೆ ಅಲ್ಲಿಗೆ ನಿಂತಿತು. ಮಾಸ್ತರು ಚಹಾ ಕುಡಿದರು.

ದಾಕ್ಷಾಯಣಿ ಆ ಹಾಳೆಯನ್ನೇ ಎಳೆದುಕೊಂಡು ಬೆರಳಿಟ್ಟಳು. ಮೂರು. ಇನ್ನೂ ಮುದ್ರಿಸಿಲ್ಲ, ಒಳಗೆ ಹೋಗಬೇಕು. ಎರಡು. ಇನ್ನೂ ಇಲ್ಲ, ಒಳಗೆ. ಒಂದು. ಇನ್ನೂ ಇಲ್ಲ. ಸೊನ್ನೆ. ಇಲ್ಲಿಂದ ಹಿಂದಕ್ಕೆ. ಹೋಗುವಾಗ ಬಿಟ್ಟ ಸಾಲು ಪ್ರತಿಯೊಂದು ಮೆಟ್ಟಿಲಲ್ಲಿಯೂ ಆಕೆಗಾಗಿ ಕಾದು ಕೂತಿತ್ತು. ಬೆರಳು ಒಂದೊಂದನ್ನೇ ತುಂಬುತ್ತಾ ಬಂತು. ಒಂದು. ಎರಡು. ಮೂರು.

ಆಕೆಯ ಕಣ್ಣು ಅಗಲವಾಯಿತು. ಎರಡು ಸಲ ತನ್ನನ್ನು ಬೀಳಿಸಿದ ಈ ಐದಾರು ಸಾಲುಗಳು ಇಷ್ಟು ಚೆಂದ ಇದ್ದವೆಂದು ಆಕೆಗೆ ಗೊತ್ತಿರಲಿಲ್ಲ.

“ಸರ, ಬಂತ್ರಿ! ಒಂದು, ಎರಡು, ಮೂರು!” ಎನ್ನುತ್ತಾ ಆ ಸಾಲುಗಳನ್ನು ಕಂಪ್ಯೂಟರಿನಲ್ಲಿ ಬೇಗಬೇಗನೆ ಬರೆದಳು. ಸರಿಯೋ ತಪ್ಪೋ ನೋಡಲು ರನ್ ಗುಂಡಿಯ ಮೇಲೆ ಬೆರಳಿಟ್ಟಳು.

ಮಾಸ್ತರು ಲೋಟ ಕೆಳಗಿಟ್ಟು ಕೇಳಿದರು: “ತಿರುವಿ ನೋಡ್ತಿಯೇನವಾ?”