ನರಿಯ ಗಂಟೆ, ಮೊಲದ ಹೆಜ್ಜೆ

ಗಂಟೆ ಮಾರುವ ನರಿಯ ಪೊಗರು ನೋಡಬೇಕಿತ್ತು! ಅದರ ಬೆನ್ನ ಮೇಲೆ ಕೂತ ಗಿಳಿಯೋ, "ಜೇನಿನಂಥ ನಾದ! ಎರಡು ಗುಡ್ಡದಾಚೆಗೂ ಕೇಳಿಸುತ್ತದೆ!" ಎಂದು ಕೂಗುತ್ತಿತ್ತು. ಎಮ್ಮೆ ನಂಬಿ ತನ್ನ ಕರುವಿಗೆ ಒಂದು ಗಂಟೆ ಕಟ್ಟಿತು. ಮರುದಿನವೇ ಕರು ಕಾಡಿನಲ್ಲಿ ದಾರಿ ತಪ್ಪಿತು. ಗಂಟೆಯ ಸದ್ದು ತಾಯಿಗೆ ಕೇಳಿಸಲೇ ಇಲ್ಲ. ಕೊನೆಗೆ ಸಿಕ್ಕಾಗ ಕರುವಿನ ತೊಡೆಯಲ್ಲಿ ತೋಳನ ಹಲ್ಲಿನ ಗಾಯವಿತ್ತು.

ಎಮ್ಮೆ ಬುಸುಗುಡುತ್ತಾ ಮೊಲವನ್ನು ನರಿಯ ಮುಂದೆಯೇ ಕರೆತಂದಿತು. "ಇದರ ಸದ್ದು ಎಷ್ಟು ದೂರ ಮುಟ್ಟುತ್ತದೆ, ಅಳೆದು ಹೇಳು. ನಿನ್ನ ಹೊಟ್ಟೆಗೆ ಹುಲ್ಲು ನನ್ನದು."

ಕರು ಕೊರಳು ಅಲ್ಲಾಡಿಸಿತು. ಮೊಲ ಹೆಜ್ಜೆ ಎಣಿಸುತ್ತಾ ದೂರ ಹೋಗಿ ಬಂದು, "ನಲವತ್ತು ಹೆಜ್ಜೆ. ಅದರಾಚೆ ಏನೂ ಇಲ್ಲ" ಎಂದಿತು.

"ನಾದವನ್ನು ಹೆಜ್ಜೆಯಲ್ಲಿ ಅಳೆಯುತ್ತಾರೇನೋ ಮಂಕೆ? ರಸಿಕರ ಕಿವಿ ಬೇಕು!" ಎಂದಿತು ಗಿಳಿ.

"ಮೊದಲು ಕೊಕ್ಕು ಒರೆಸಿಕೋ. ನರಿ ಕೊಟ್ಟ ಸೀಬೆಹಣ್ಣು ಇನ್ನೂ ಅಂಟಿದೆ" ಎಂದು ಎಮ್ಮೆ ಗದರಿತು.

ನರಿ ನಕ್ಕಿತು. "ಎಮ್ಮಕ್ಕಾ, ಮೊಲ ತಿಂದದ್ದೂ ನಿನ್ನ ಹುಲ್ಲೇ ತಾನೆ? ನಿನಗೆ ಬೇಕಾದದ್ದನ್ನೇ ಹೇಳುತ್ತದೆ."

"ಹಾಗೋ? ಮೊಲವೇ, ನನ್ನ ಕೊರಳಿನ ಗಂಟೆಯನ್ನೂ ಅಳೆ. ನಮ್ಮಜ್ಜಿಯ ಕಾಲದ್ದು. ಈ ಸೀಮೆಯಲ್ಲೇ ಇಂಥದ್ದಿಲ್ಲ!"

ಮೊಲ ಹೋಗಿ ಬಂತು. ಎಮ್ಮೆಯ ಹುಲ್ಲನ್ನೇ ಜಗಿಯುತ್ತಾ, "ಮೂವತ್ತು" ಎಂದಿತು.

ಎಮ್ಮೆಯ ಮೂಗು ಅರಳಿತು. ಎರಡೂ ಗಂಟೆಗಳನ್ನು ಕಿತ್ತು ನರಿಯ ಮುಖಕ್ಕೆಸೆದು, ಮೊಲದತ್ತ ಇನ್ನೊಂದು ಹೊರೆ ಹುಲ್ಲು ತಳ್ಳಿತು. "ಹೊಟ್ಟೆ ತುಂಬಾ ತಿನ್ನು. ನಾಳೆ ಈ ಕಾಡಿನ ಒಂದೊಂದು ಕೊರಳಿನ ಗಂಟೆಯನ್ನೂ ಅಳೆಯಬೇಕು."