ಬಾಣಂತಿಗೆ ಕೊಟ್ಟ ತೀರ್ಥ

ಪೂಜ್ಯ ಪರ್ವತಮ್ಮ ತಾಯಿಯವರ ಮಠವೆಂದರೆ ಒಂದು ಕೋಣೆ, ಒಂದು ಒಲೆ, ಹಿತ್ತಿಲಲ್ಲೊಂದು ಸೇದುವ ಬಾವಿ. ಊರಿನಲ್ಲಿ ಯಾವ ಕೂಸು ಹುಟ್ಟಿದರೂ ಅದರ ಮೊದಲ ಕುಲಾಯಿ ತಾಯಿಯವರ ಕೈಯದೇ. ಹಳೆಯ ಸೀರೆಯ ಮೆತ್ತನೆಯ ಸೆರಗನ್ನು ಕತ್ತರಿಸಿ, ಕೂಸಿನ ತಲೆ, ಕಿವಿ ಮುಚ್ಚುವಂತೆ ಹೊಲಿದು ಕಳುಹಿಸುತ್ತಿದ್ದರು.

ಒಂದು ಬೆಳಿಗ್ಗೆ ಅವರು ಹಾಗೆ ಹೊಲಿಯುತ್ತಿದ್ದಾಗ ಸಂಗನಬಸವ್ವನವರು ಬಂದು ಧೊಪ್ಪನೆ ಕುಳಿತರು. ಊರಿನ ಬಾಣಂತನಗಳಿಗೆಲ್ಲ ಅವರದೇ ಯಜಮಾನಿಕೆ. ಮಠದ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ. ಆದರೆ ಅಂದು ಅವರ ಕಣ್ಣು ಕೆಂಪಾಗಿತ್ತು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ದಾನಮ್ಮ ಹೆತ್ತು ಆರು ದಿನವಾಗಿತ್ತು. ಎದೆಹಾಲು ಸಾಲದೆ ಕೂಸು ಅತ್ತೂ ಅತ್ತೂ ಸೊರಗುತ್ತಿತ್ತು.

"ಅಂಟಿನುಂಡಿ ಮಾಡೇನ್ರಿ, ಅಳವಿ ಪಾಯಸ ಕುಡಿಸೇನಿ, ತುಪ್ಪ ಸುರದೇನಿ. ಬೀಗರು ರೇಷ್ಮಿ ಸೀರಿ ತಂದಾರ, ಕೂಸಿಗೆ ಬೆಳ್ಳಿ ಕಾಲ್ಗಡಗ ತಂದಾರ. ನಾ ಏನ ಕಡಿಮಿ ಮಾಡೇನಿ? ಇಂಥಾದ್ರಾಗ ನಂಗ ನಂಬಿಗಿಲ್ಲ ಖರೇ, ಆದರೂ ಒಂದ ತಾಯತ ಕಟ್ಟಿ ಕೊಡ್ರಿ ಅವ್ವಾರ."

ತಾಯಿಯವರು ಹಲ್ಲಿನಿಂದ ದಾರ ಕಡಿದು, "ನೀರ ಎಷ್ಟ ಕೊಡ್ತಿ?" ಎಂದು ಕೇಳಿದರು.

"ಬಾಣಂತಿಗೆ ನೀರ! ಥಂಡಿ ಹತ್ತಿ ಹೊಟ್ಟಿ ಬರಂಗಿಲ್ಲೇನ್ರಿ? ಮುಂಜಾನೆ ಒಂದ ಗುಟುಕ, ಸಂಜಿಕೊಂದ ಗುಟುಕ."

ಸಂಗನಬಸವ್ವನವರೊಡನೆ ವಾದಿಸಿ ಗೆದ್ದವರು ಆ ಊರಿನಲ್ಲಿ ಇರಲಿಲ್ಲ. ತಾಯಿಯವರು ವಾದಿಸಲೂ ಇಲ್ಲ. ಎದ್ದು ನೀರು ಸೇದಿದರು, ಒಲೆಯ ಮೇಲಿಟ್ಟು ಮರಳಿಸಿದರು, ಆರಿಸಿ ಸೋಸಿ, ತಮ್ಮ ಪೂಜೆಯ ತಾಮ್ರದ ಬಿಂದಿಗೆಗೆ ತುಂಬಿ ಮುಚ್ಚಳ ಮುಚ್ಚಿದರು.

"ಇದು ತೀರ್ಥ. ತಾಸಿಗೊಮ್ಮೆ ಲೋಟ ತುಂಬ ಕುಡಸು. ಹನಿ ಉಳಿಸಬ್ಯಾಡ. ನಾಳಿ ಮತ್ತ ಬಾ."

ತೀರ್ಥ ಬೇಡವೆನ್ನುವ ಧೈರ್ಯ ಸಂಗನಬಸವ್ವನವರಿಗೂ ಆಗಲಿಲ್ಲ. ದಿನವೂ ಬಂದರು, ದಿನವೂ ಒಯ್ದರು. ನಾಲ್ಕನೆಯ ದಿನ ಕೂಸು ಹೊಟ್ಟೆ ತುಂಬ ಹಾಲು ಕುಡಿದು, ಬಾಯಲ್ಲಿ ಹಾಲಿರುವಾಗಲೇ ನಿದ್ದೆ ಹೋಯಿತು. ಆ ಮನೆಗೆ ಎಂಥ ನೆಮ್ಮದಿ!

ಸಂಗನಬಸವ್ವನವರು ಹಣ್ಣುಕಾಯಿ ಹಿಡಿದು ಓಡಿಬಂದರು. "ಅವ್ವಾರ, ಅದ್ಯಾವ ಮಂತ್ರ ಹಾಕಿದ್ರಿ?"

"ಮಂತ್ರ ಹಾಕಿಲ್ಲವ್ವ. ನಿನ್ನ ಮಗಳಿಗೆ ನೀರಡಿಕಿ ಆಗಿತ್ತು."

ಸಂಗನಬಸವ್ವನವರು ಹಣ್ಣುಕಾಯಿ ಕೆಳಗಿಟ್ಟರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು, "ದಾನಮ್ಮ ಹುಟ್ಟಿದಾಗ ನಾನೂ ಬಚ್ಚಲದಾಗ ಜಳಕದ ನೀರ ಕದ್ದ ಕುಡದಿದ್ದೆ, ಅವ್ವಾರ. ಅದನ್ನ ಮರತ ಬಿಟ್ಟಿದ್ದೆ" ಎಂದು ಬಿಕ್ಕಿದರು. ತಾಯಿಯವರು ಅವರ ಮುಂದೆಯೂ ಒಂದು ಲೋಟ ನೀರು ಇಟ್ಟರು.

ಅಂದಿನಿಂದ ಊರಿನಲ್ಲಿ ಯಾರು ಹೆತ್ತರೂ ತಾಯಿಯವರ ಕುಲಾಯಿಯ ಜೊತೆಗೆ ಒಂದು ತಾಮ್ರದ ಬಿಂದಿಗೆಯೂ ಹೋಗುತ್ತಿತ್ತು. ಅದನ್ನು ಒಯ್ಯುತ್ತಿದ್ದವರು ಸಂಗನಬಸವ್ವನವರು. ಮೊದಲ ಲೋಟ ತಾವೇ ತುಂಬಿ, ಬಾಣಂತಿ ಪೂರ್ತಿ ಕುಡಿದು ಮುಗಿಸಿದ ಮೇಲೆಯೇ ಅವರು ಕೂಸಿನ ಮುಖ ನೋಡುತ್ತಿದ್ದರು.